ಕಂಟ್ರೋಲ್ ಎಲೆ

ಹೊಸಪೇಟೆ
12 ಸೆಪ್ಟೆಂಬರ್ 2024

ಅವ್ವಾ,

ಮುಟ್ಟಿದೆ, ಉಂಡೆ, ಮಂಚ ಸಿಕ್ಕಿತು. ಇಷ್ಟನ್ನು ಫೋನಿನಲ್ಲೇ ಹೇಳಿದ್ದೇನೆ. ಆದರೆ ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಲು ನನಗೆ ಬರುವುದೇ ಇಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಶನಿವಾರಕ್ಕೊಂದು ಕಾಗದ ಬರೆಸಿ ಬರೆಸಿ, ನಿನಗೆ ಹೇಳುವುದೆಲ್ಲ ನನ್ನ ಕೈಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ.

ಎಂ.ಎಸ್ಸಿ. ಅಂದರೆ ಡಿಗ್ರಿಯ ಹಾಗಲ್ಲ. ಪಾಠ, ಪ್ರಶ್ನೆ, ಬೈಗುಳ ಎಲ್ಲ ಇಂಗ್ಲಿಷಿನಲ್ಲೇ. ನನಗೆ ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ ತಲೆ ಅಲ್ಲಾಡಿಸುತ್ತೇನೆ. ರೂಮಿನಲ್ಲಿ ಶೈಲಶ್ರೀ ಅಂತ ಇದ್ದಾಳೆ, ಕಂಪ್ಲಿಯವಳು, ಅವರದು ರೈಸ್ ಮಿಲ್. ನನ್ನ ಮುಖ ನೋಡಿ ಮೊದಲ ದಿನವೇ, "ಲೇ, ಹಿಂಗ ಹೆಣ ಕಾಯೋರಂಗ ಕುಂತ್ರ ಸೀಟು ವಾಪಸ್ ತಗೋತಾರ ನೋಡು" ಅಂದಳು.

ಈಗ ಮುಖ್ಯ ವಿಷಯ. ನಮ್ಮ ಮೇಡಂ ಮಧುನಾಶಿನಿ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಾರೆ. ಬೆಟ್ಟದಲ್ಲಿ ತಾನಾಗಿ ಬೆಳೆದ ಬಳ್ಳಿಯಲ್ಲಿ ಔಷಧದ ಅಂಶ ಎಷ್ಟು, ಲ್ಯಾಬಿನಲ್ಲಿ ಬೆಳೆಸಿದ್ದರಲ್ಲಿ ಎಷ್ಟು ಅಂತ ಅಳೆಯುವುದು. ಸಂಡೂರಿನ ಬೆಟ್ಟದ ಎಲೆ ಯಾರಾದರೂ ತರಿಸಬಲ್ಲಿರಾ ಅಂತ ಕೇಳಿದರು. ನಾನು ಯೋಚನೆ ಮಾಡುವ ಮುಂಚೆಯೇ ಕೈ ಎತ್ತಿಬಿಟ್ಟೆ. ಶುಗರ್‌ಗೆ ನಮ್ಮ ತಾಯಿ ಮೂವತ್ತು ವರ್ಷದಿಂದ ಅದೇ ಎಲೆ ಕೊಡುತ್ತಾರೆ ಅಂದೆ. ಎಲ್ಲರೂ ತಿರುಗಿ ನೋಡಿದರು. ಹಾಗಾಗಿ ವಾರಕ್ಕೊಂದು ಚೀಲ ಎಲೆ ಬೇಕು ಅವ್ವಾ. ತಪ್ಪಿದರೆ ಪ್ರಾಜೆಕ್ಟಿನಿಂದ ನನ್ನನ್ನು ತೆಗೆಯುತ್ತಾರೆ. ಸಂಡೂರು ಬಸ್ಸಿನ ಕಂಡಕ್ಟರ್ ಹೊನ್ನೂರಪ್ಪನವರಿಗೆ ಹೇಳಿದ್ದೇನೆ, ಚೀಲ ಕೊಟ್ಟರೆ ಬಸ್ ಸ್ಟ್ಯಾಂಡಿನಲ್ಲಿ ನನಗೆ ಮುಟ್ಟಿಸುತ್ತಾರೆ. ಕಾಗದವನ್ನೂ ಅದರಲ್ಲೇ ಇಡು.

ಲ್ಯಾಬಿನ ಬಳ್ಳಿ ನೋಡಿದರೆ ನಗುತ್ತೀ. ಬಾಟಲಿಯೊಳಗೆ ಜೆಲ್ಲಿ ಹಾಕಿ, ಅದಕ್ಕೆ ಸಕ್ಕರೆ ಬೆರೆಸಿ, ಟ್ಯೂಬ್‌ಲೈಟ್ ಕೆಳಗೆ ಇಟ್ಟಿದ್ದಾರೆ. ಸಕ್ಕರೆ ಉಂಡು ಬೆಳೆಯುವ ಮಧುನಾಶಿನಿ. ದೊಡ್ಡದಾದ ಮೇಲೆ ನೆರಳುಮನೆಗೆ ಸಾಗಿಸುತ್ತಾರೆ.

ಗಾಯತ್ರಿ

ಸಂಡೂರು
20 ಸೆಪ್ಟೆಂಬರ್ 2024

ಗಾಯತ್ರಿ,

ಮೊದಲ ಕಾಗದ ತೆಗಿ, ಆಮ್ಯಾಲೆ ಎಲೆ. ಇಲ್ಲಂದ್ರ ನಿಮ್ಮ ಮಿಷನ್‌ದಾಗ ಇದನ್ನೂ ಅರೆದುಬಿಟ್ಟೀರಿ.

ಎಳೆ ಎಲೆ ಕೊಯ್ದಿಲ್ಲ, ಬಲಿತದ್ದೇ ಕೊಯ್ದೀನಿ. ಬಂಡೆ ಸಂದಿನ ಬಳ್ಳಿ ಇದು. ನೀರು ಕಮ್ಮಿ, ಬಿಸಿಲು ಜಾಸ್ತಿ, ಹುಳ ಬ್ಯಾರೆ ತಿಂತಾವ. ಇಂಥಾದ್ದಕ್ಕೇ ಕಹಿ ಹೆಚ್ಚು, ಗುಣ ಹೆಚ್ಚು. ನನ್ನವ್ವ ಆಂಧ್ರದ ಕಡೆಯಾಕಿ, ಇದಕ್ಕ ಪೊಡಪತ್ರಿ ಅಂತಿದ್ಲು. ನಿಮ್ಮ ಮೇಡಮ್ಮಗ ಈ ಹೆಸರೂ ಬರೆದುಕೊಳ್ಳಾಕ ಹೇಳು.

ಸಕ್ಕರೆ ಉಣ್ಣೋ ಬಳ್ಳಿ ಸುದ್ದಿ ಪಕ್ಕದ ಮನಿ ವಿರುಪಮ್ಮಗ ಓದಿ ಹೇಳಿದೆ. ಆಕಿಗೂ ಶುಗರ್ ಅಲ್ಲೇನು, "ಹಂಗಾದ್ರ ನನ್ನೂ ಒಂದು ಬಾಟ್ಲಿಯಾಗ ಇಡಾಕ ಹೇಳವ್ವ, ಕುಂತಲ್ಲೇ ಸಕ್ಕರೆ ತಿಂತೀನಿ" ಅಂದ್ಲು.

ನಾನು ಆರಾಮ ಅದೀನಿ. ಗುಳಿಗಿ ತರಾಕ ಹೋದಾಗ ದವಾಖಾನಿ ಸಿಸ್ಟರ್ ಅಕ್ಕನಾಗಮ್ಮ ಬೈದ್ಲು. ಆಕಿದು ಯಾವಾಗಲೂ ಒಂದೇ ಮಾತು, "ಚೆನ್ನಬಸಮ್ಮ, ನಿಂದು ಕಂಟ್ರೋಲ್ ಇಲ್ಲ." ಗುಳಿಗಿನೂ ತಿಂತೀನಿ, ಎಲೆನೂ ತಿಂತೀನಿ, ಇನ್ನೇನು ಮಾಡಲಿ. ಈ ವಯಸ್ಸಿನಾಗ ಯಾವುದು ಕಂಟ್ರೋಲ್‌ದಾಗ ಇರತದ.

ಬಾಟ್ಲಿ ಎಲೆ ಹೆಂಗಿರತದ, ಒಂದೀಟು ಕಳಿಸು, ನೋಡ್ತೀನಿ.

ನಿನ್ನವ್ವ

ಹೊಸಪೇಟೆ
5 ಅಕ್ಟೋಬರ್ 2024

ಅವ್ವಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ನಾಡಿದ್ದು ಇಂಟರ್ನಲ್ ಪರೀಕ್ಷೆ ಇದೆ. ನೀನು ಕೇಳಿದ್ದಕ್ಕೆ ಮೂರು ಪೊಟ್ಟಣ ಇಟ್ಟಿದ್ದೇನೆ, ಮೇಲೆ ಕನ್ನಡದಲ್ಲೇ ಬರೆದಿದ್ದೇನೆ. ಫೀಲ್ಡ್ ಅಂದರೆ ನೀನು ಕಳಿಸಿದ್ದೇ, ಒಣಗಿಸಿದ್ದು. ಟ್ರೀಟೆಡ್ ಅಂದರೆ ಲ್ಯಾಬಿನ ಗಿಡಕ್ಕೆ ಒಂದು ಔಷಧ ಸಿಂಪಡಿಸಿದ್ದು. ಅದನ್ನು ಹಾಕಿದರೆ ಹುಳ ಕಡಿದಿದೆ ಅಂತ ಗಿಡಕ್ಕೆ ಭ್ರಮೆಯಾಗಿ ಕಹಿ ಹೆಚ್ಚಿಸಿಕೊಳ್ಳುತ್ತದಂತೆ. ಮೂರನೆಯದು ಕಂಟ್ರೋಲ್. ಟ್ರೀಟೆಡ್ ಮಾತ್ರ ಯಾರೂ ಬಾಯಿಗೆ ಹಾಕಬೇಡಿ, ಕೆಮಿಕಲ್ ಇದೆ. ಮುಟ್ಟಿ, ಮೂಸಿ, ಏನು ವ್ಯತ್ಯಾಸ ಅನ್ನಿಸಿತು ಬರೆ. ಮೇಡಂಗೆ ಹೇಳುತ್ತೇನೆ.

ಗಾಯತ್ರಿ

ಸಂಡೂರು
14 ಅಕ್ಟೋಬರ್ 2024

ನನ್ನವ್ವಾ,

ಪೊಟ್ಟಣ ಬಿಚ್ಚಿದೆ. ಎರಡು ಬದಿಗಿಟ್ಟೆ. ಮೂರನೇದರ ಮ್ಯಾಲೆ ನೀ ದುಂಡಗೆ ಕಂಟ್ರೋಲ್ ಅಂತ ಬರೆದದ್ದು ನೋಡಿ ಕಣ್ಣಾಗ ನೀರು ಬಂತು. ಸಿಸ್ಟರ್ ಅಂದದ್ದನ್ನ ನಾ ಸುಮ್ಮನ ಬರೆದಿದ್ದೆ. ನೀ ಅದನ್ನ ನೆನಪಿಟ್ಟು, ಪರೀಕ್ಷೆ ಗದ್ದಲದಾಗೂ ನನಗ ಬ್ಯಾರೆ ತೆಗೆದಿಟ್ಟೀದಿ. ನನ್ನ ಹೊಟ್ಟ್ಯಾಗ ಹುಟ್ಟಿದ್ದಕ್ಕ ಸಾರ್ಥಕ ಆತು.

ಎಲೆ ಭಾಳ ಹಸಿರದ, ಮೆತ್ತಗದ, ಒಂದು ತೂತಿಲ್ಲ. ಹುಳ ಮುಟ್ಟಿಲ್ಲ. ಕಂಟ್ರೋಲ್ ಎಲೆ ಇನ್ನಷ್ಟು ಇದ್ರ ಕಳಿಸು. ವಿರುಪಮ್ಮನೂ ಕೇಳ್ಯಾಳ, ಇನ್ನೂ ನಾಲ್ಕು ಮನಿಯವರು ಕೇಳ್ಯಾರ. ನಮ್ಮ ಗಾಯತ್ರಿ ಓದಿ ಕಂಡುಹಿಡಿದದ್ದು ಅಂತ ಹೇಳೀನಿ. ಅಕ್ಕನಾಗಮ್ಮನ ಮುಂದನೂ ಹೋಗಿ ಒಂದು ದಿನ ಹೇಳಾಕಿ.

ನಿನ್ನವ್ವ

ಹೊಸಪೇಟೆ
18 ನವೆಂಬರ್ 2024

ಅವ್ವಾ,

ದೀಪಾವಳಿಗೆ ಬರಲಾಗಲಿಲ್ಲ, ಕ್ಷಮಿಸು. ಕರೆಂಟು ಹೋದರೆ ಬಾಟಲಿಗಳ ರೂಮು ಬಿಸಿಯಾಗುತ್ತದೆ, ಹಬ್ಬದ ಮೂರು ದಿನ ನನಗೇ ಕಾವಲು ಹಾಕಿದರು. ಫಸ್ಟ್ ಇಯರ್‌ನವರು ಇಲ್ಲ ಅನ್ನುವ ಹಾಗಿಲ್ಲ.

ಕಂಟ್ರೋಲ್ ಬಗ್ಗೆ ನೀನು ಅಷ್ಟು ಖುಷಿಯಿಂದ ಬರೆದದ್ದು ಶೈಲಶ್ರೀಗೂ ಓದಿ ಹೇಳಿದೆ. "ನಿಮ್ಮವ್ವಗ ಸೈನ್ಸ್ ನಿನಗಿಂತ ಚಲೋ ತಿಳಿತದಲೇ" ಅಂದಳು. ನಿಜ. ಮೇಡಂ ಹೇಳುವುದೂ ಅದನ್ನೇ. ಎಲ್ಲಕ್ಕಿಂತ ಮುಖ್ಯ ಕಂಟ್ರೋಲ್, ಅದಿಲ್ಲದಿದ್ದರೆ ಉಳಿದ ಯಾವುದಕ್ಕೂ ಬೆಲೆಯಿಲ್ಲ. ನೆರಳುಮನೆಯಲ್ಲಿ ಕಂಟ್ರೋಲ್ ಗಿಡ ಬೇಕಾದ್ದಕ್ಕಿಂತ ಹೆಚ್ಚು ಬೆಳೆದಿವೆ. ಅಳತೆಗೆ ಎರಡು ಹಿಡಿ ಸಾಕು, ಉಳಿದದ್ದನ್ನು ಹೇಗೂ ಎಸೆಯುತ್ತಾರೆ. ಅದಕ್ಕೇ ನಿನಗೆ ಈ ದೊಡ್ಡ ಗಂಟು. ಬೇಕಾದವರಿಗೆ ಕೊಡು.

ಇನ್ನು ಕೆಲವು ವರ್ಷದಲ್ಲಿ ನೀನು ಬೆಟ್ಟ ಹತ್ತುವುದೇ ಬೇಡ, ನೋಡುತ್ತಿರು. ಬೇಕಾದಷ್ಟು ಎಲೆ ಬಾಟಲಿಯಲ್ಲೇ ಬರುತ್ತದೆ.

ಚೀಲ ಈಚೆಗೆ ಅರ್ಧವೇ ಇರುತ್ತದಲ್ಲ, ಯಾಕೆ? ಮೇಡಂ ಕೇಳಿದರು. ಮುಂದಿನ ಸಲ ತುಂಬಿ ಬರುತ್ತದೆ ಅಂತ ಹೇಳಿಬಿಟ್ಟೆ.

ಗಾಯತ್ರಿ

ಸಂಡೂರು
3 ಡಿಸೆಂಬರ್ 2024

ಗಾಯತ್ರಿ,

ಈ ಸಲ ಚೀಲ ತುಂಬೇದ. ಮೇಡಮ್ಮಗ ತೋರಿಸು.

ಬಳ್ಳಿ ಈಗ ದೂರ ಅದಾವ, ಅದಕ್ಕ ತಡ ಆಗಿತ್ತು. ಬ್ಯಾರೆ ಕಡೆಯಿಂದ ಸುತ್ತು ಹಾಕಿ ಹೋಗ್ತೀನಿ. ಬರೋವಾಗ ಎಡಗಾಲಿಗೆ ಏನೋ ಚುಚ್ಚಿತ್ತು. ಮನಿಗೆ ಬಂದು ಚಪ್ಪಲಿ ಬಿಚ್ಚಿದಾಗಲೇ ಗೊತ್ತಾಗಿದ್ದು, ನೋವೇ ಇರಲಿಲ್ಲ. ಅರಿಶಿಣ ಹಚ್ಚೀನಿ. ನೀ ಅದನ್ನ ತಲ್ಯಾಗ ಇಟ್ಕೋಬ್ಯಾಡ. ನೀರಡಿಕಿ ಒಂದು ಭಾಳ. ಚಳಿಗಾಲದಾಗೂ ಕೊಡ ಖಾಲಿ ಮಾಡ್ತೀನಿ ಅಂತ ವಿರುಪಮ್ಮ ನಗ್ತಾಳ.

ನಿನ್ನವ್ವ

ಹೊಸಪೇಟೆ
21 ಡಿಸೆಂಬರ್ 2024

ಅವ್ವಾ,

ನಿನ್ನ ಕಾಗದದ ಕೊನೆಗೆ ಎರಡು ಸಾಲು ಬರೆದು ಮತ್ತೆ ಮಸಿ ಬಳಿದಿದ್ದೀ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. 'ಗುಳಿಗಿ' ಅನ್ನುವುದೊಂದೇ ಓದಲು ಬಂತು. ಗುಳಿಗೆ ಮುಗಿದಿವೆಯಾ? ಮುಗಿದಿದ್ದರೆ ದವಾಖಾನೆಗೆ ಹೋಗಿ ತಗೋ, ಸಿಸ್ಟರ್ ಬೈದರೆ ಬೈಯಲಿ. ಕಾಲಿನ ಗಾಯ ಒಣಗಿತಾ?

ಅಳತೆಯ ರಿಸಲ್ಟ್ ಬಂದಿದೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಸೆಮಿನಾರ್ ಆಗುವವರೆಗೆ ಯಾರಿಗೂ ಹೇಳಬಾರದು ಅಂತ ಮೇಡಂ ಕಟ್ಟುನಿಟ್ಟು ಮಾಡಿದ್ದಾರೆ. ಜನವರಿ ಕೊನೆಗೆ ಸೆಮಿನಾರ್, ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷ ನಾನೇ ಮಾತಾಡಬೇಕಂತೆ. ಊಟ ಸೇರುತ್ತಿಲ್ಲ. ಈ ಸಲವೂ ಒಂದು ಗಂಟು ಇಟ್ಟಿದ್ದೇನೆ.

ಗಾಯತ್ರಿ

ಹೊಸಪೇಟೆ
17 ಜನವರಿ 2025

ಅವ್ವಾ,

ನಾಲ್ಕು ವಾರದಿಂದ ಎಲೆಯಷ್ಟೇ ಬರುತ್ತಿದೆ, ಕಾಗದ ಇಲ್ಲ. ಚೀಲದ ಗಂಟೂ ನಿನ್ನದಲ್ಲ. ಹೊನ್ನೂರಪ್ಪನವರನ್ನು ಕೇಳಿದರೆ, ಯಾರೋ ಗಂಡಸರು ತಂದುಕೊಟ್ಟರು ಅಂದರು. ಭರಮಣ್ಣ ಮಾವ ಇರಬೇಕು. ಫೋನ್ ಮಾಡಿದರೆ ನೀನು ಆರಾಮ ಅಂದೆ. ಆರಾಮ ಅನ್ನುವುದನ್ನು ಎರಡು ಸಲ ಅಂದೆ. ಕೋಪ ಬಂದಿದೆಯಾ? ಸಂಕ್ರಾಂತಿಗೆ ನಾನು ಬರಲಿಲ್ಲ ಅಂತಲೇ ಇರಬೇಕು. ಶೈಲಶ್ರೀ ಮನೆಯವರು ಹಂಪಿಗೆ ಹೊರಟಿದ್ದರು, ನನ್ನನ್ನೂ ಗಾಡಿಗೆ ಹತ್ತಿಸಿಕೊಂಡರು. ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಉಂಡೆವು. ಒಂದು ದಿನ ಸೆಮಿನಾರ್ ಮರೆತಿದ್ದೆ. ನಿನ್ನನ್ನೂ ಮರೆತಿದ್ದೆ, ಸುಳ್ಳು ಯಾಕೆ ಹೇಳಲಿ.

ಅದಕ್ಕೇ ಮುಚ್ಚಿಟ್ಟಿದ್ದನ್ನೂ ಹೇಳಿಬಿಡುತ್ತೇನೆ. ನಿನ್ನ ಎಲೆಯಲ್ಲಿ ಔಷಧದ ಅಂಶ ನೂರು ಪಾಲು ಇದ್ದರೆ, ಟ್ರೀಟೆಡ್‌ನಲ್ಲಿ ಐವತ್ತೈದು. ಕಂಟ್ರೋಲ್‌ನಲ್ಲಿ ಬರೇ ಎಂಟು. ನೆರಳು, ನೀರು, ಸಕ್ಕರೆ ಎಲ್ಲ ಸಿಕ್ಕ ಗಿಡ ಕಹಿ ಮಾಡಿಕೊಳ್ಳುವುದೇ ಇಲ್ಲ. ಬೆಟ್ಟ ಹತ್ತುವುದೇ ಬೇಡ ಅಂತ ನಾನು ಜಂಬದಿಂದ ಬರೆದಿದ್ದೆನಲ್ಲ, ಅದರ ನಾಚಿಕೆಗೆ ನಿನಗೆ ಹೇಳಿರಲಿಲ್ಲ. ಕಂಟ್ರೋಲ್ ಅಂದರೆ ಏನೂ ಮಾಡದೆ ಸುಮ್ಮನೆ ಬಿಟ್ಟದ್ದು ಅಂತ ಅರ್ಥ, ಉಳಿದವನ್ನು ಅದರ ಪಕ್ಕದಲ್ಲಿಟ್ಟು ಅಳೆಯುವುದಕ್ಕೆ. ಔಷಧಿಗೆ ಅದು ಬರುವುದಿಲ್ಲ. ನಾನು ಕಳಿಸಿದ್ದನ್ನು ಓಣಿಯವರು ನೋಡಿ ಮೂಸಿ ಬಿಟ್ಟ ಮೇಲೆ, ಎಲ್ಲ ತಿಂದು ನಮ್ಮ ಮೇಕೆ ದುಂಡಗಾಗಿರಬೇಕು.

ಗಾಯತ್ರಿ

ಸಂಡೂರು
28 ಜನವರಿ 2025

ಗಾಯತ್ರಿ,

ಮೇಕೆ ಎಲ್ಲದ ನಮ್ಮ ಮನ್ಯಾಗ? ಅದನ್ನ ಕೊಟ್ಟು ಎರಡು ವರ್ಷ ಆತು. ಎಲೆ ನಾನು ತಿಂದೆ.

ಅಕ್ಟೋಬರ್‌ದಾಗ ಪೊಟ್ಟಣದ್ದು ತಿಂದೆ, ದೊಡ್ಡ ಗಂಟು ಬಂದಾಗಿಂದ ಮುಂಜಾನಿ ಒಂದು ಹಿಡಿ, ಸಂಜಿಗೆ ಒಂದು ಹಿಡಿ. ಗುಳಿಗಿ ಬಿಟ್ಟೆ. ಕಂಟ್ರೋಲ್ ಅಂತ ಮಗಳೇ ಬರೆದು ಕಳಿಸ್ಯಾಳ, ಎಲ್ಲಕ್ಕಿಂತ ಮುಖ್ಯ ಅಂತನೂ ಬರೆದಾಳ, ಮತ್ಯಾಕ ಗುಳಿಗಿ ಅಂತ ಬಿಟ್ಟೆ. ಅದನ್ನೇ ಬರೆದು ಮಸಿ ಬಳಿದಿದ್ದೆ. ನೀ ಬೈತಿ ಅಂತ ಅಲ್ಲ, ಪೂರಾ ಗುಣ ಆದ ಮ್ಯಾಲೆ ದವಾಖಾನಿ ಶುಗರ್ ಕಾರ್ಡ್ ನಿನಗ ತೋರಿಸಬೇಕಂತ ಇತ್ತು.

ಇನ್ನೊಂದು ಮುಚ್ಚಿಟ್ಟೀನಿ. ನಮ್ಮ ಹಳೇ ಹಾದಿಗೆ ದಸರಾ ಹೊತ್ತಿಗೇ ಗಣಿಯವರ ತಂತಿಬೇಲಿ ಬಂತು. ಗೇಟಿನಾಗ ಪಾಸ್ ಕೇಳ್ತಾರ. ಹಿಂದಿನ ಕಡೆಯಿಂದ ತಂತಿ ಎತ್ತಿ ನುಸುಳಿ ಹೋಗ್ತಿದ್ದೆ. ಕಾಲಿಗೆ ಹೊಕ್ಕಿದ್ದು ತಂತಿ ಚೂರು. ನಡಿಯಾಕ ಆಗದಾದಾಗ ಭರಮಣ್ಣನ್ನ ಕಳಿಸಿದೆ. ಸಿಕ್ಕ ಎಲೆ ಅಷ್ಟೂ ನಿನ್ನ ಚೀಲಕ್ಕ ಹಾಕಿದೆ, ಒಂದೂ ಬಾಯಿಗಿಡಲಿಲ್ಲ. ಚೀಲ ತುಂಬಲಿಲ್ಲಂದ್ರ ನಿನ್ನ ತೆಗೀತಾರ ಅಂತ ಬರೆದಿದ್ದಿ.

ನಾಲಿಗಿ ನನಗ ಹೇಳಿತ್ತು ಗಾಯತ್ರಿ. ನಮ್ಮ ಎಲೆ ಅಗಿದು ಬೆಲ್ಲ ಹಾಕ್ಕೊಂಡ್ರ ಬಾಯಾಗ ಮಣ್ಣು ಹಾಕ್ಕೊಂಡಂಗ ಆಗಬೇಕು. ಹಂಗ ನೋಡೇ ಇಷ್ಟು ವರ್ಷ ಮಂದಿಗೆ ಕೊಟ್ಟೀನಿ. ನಿನ್ನ ಎಲೆ ಅಗಿದು ಬೆಲ್ಲ ಹಾಕ್ಕೊಂಡೆ, ಸಿಹಿ ಇತ್ತು. ಮರುದಿನ ನೋಡಿದೆ, ಸಿಹಿ. ವಯಸ್ಸಾತು, ನನ್ನ ನಾಲಿಗಿ ಸತ್ತದ ಅನಕೊಂಡೆ. ಓದಿದಾಕಿ ಬರೆದದ್ದು ಸುಳ್ಳಾಗತದೇನು ಅನಕೊಂಡೆ.

ಮೂರು ಬೆರಳು ಕರ್ರಗಾಗ್ಯಾವ. ವಾಸನಿ ಬರತದ. ಭರಮಣ್ಣ ಬಳ್ಳಾರಿ ದೊಡ್ಡಾಸ್ಪತ್ರೆಗೆ ನಡಿ ಅಂತ ಕುಂತಾನ. ಡಾಕ್ಟರ ಇಂಗ್ಲಿಷ್ ನಮಗಿಬ್ಬರಿಗೂ ತಿಳಿಯಂಗಿಲ್ಲ. ನೀ ಬಾ, ಮೂವರೂ ಹೋಗೋಣ. ಫೋನ್ ಮಾಡಿದ್ರ ಗಾಬರಿ ಆಗ್ತಿ ಅಂತ ಕಾಗದದಾಗ ಬರೆದೀನಿ. ನೀ ಬರೋತನಕ ಕಾಯ್ತೀನಿ.

ನಿನ್ನವ್ವ

ಸಂಡೂರು
24 ಫೆಬ್ರವರಿ 2025

ಅವ್ವಾ,

ಈ ಸಲ ಮನೆಯಲ್ಲಿ ಕೂತು ಬರೆಯುತ್ತಿರುವವಳು ನಾನು, ಊರು ಬಿಟ್ಟು ಮಲಗಿರುವವಳು ನೀನು. ಭರಮಣ್ಣ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಆಸ್ಪತ್ರೆಯಲ್ಲಿ ಹನ್ನೆರಡು ದಿನ ನಿನ್ನ ಪಕ್ಕದಲ್ಲೇ ಕೂತಿದ್ದರೂ ಇದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ.

ನಿನ್ನ ಕಾಗದ ನನ್ನ ಕೈಗೆ ಬಂದದ್ದು ಜನವರಿ 28ರ ಸಂಜೆಯೇ. ಸೆಮಿನಾರ್ 31ಕ್ಕೆ ಇತ್ತು. ಚೀಲದೊಳಗೆ ಕಾಗದ ಕಾಣಿಸಿತು. ಕೋಪದಲ್ಲಿ ಏನಾದರೂ ಬರೆದಿದ್ದರೆ ನನ್ನ ಇಂಗ್ಲಿಷೆಲ್ಲ ಹಾರಿಹೋಗುತ್ತದೆ ಅಂತ, ಮುಗಿದ ಮೇಲೆ ಓದೋಣ ಅಂತ ದಿಂಬಿನ ಕೆಳಗೆ ಇಟ್ಟೆ. 31ರಂದು ವೇದಿಕೆಯ ಮೇಲೆ 'ಕಂಟ್ರೋಲ್, ಎಂಟು' ಅಂತ ಓದಿದೆ. ಚಪ್ಪಾಳೆ ಹೊಡೆದರು. ರೂಮಿಗೆ ಬಂದು ಕಾಗದ ಬಿಚ್ಚಿದೆ. ಮೂರು ದಿನ ಅವ್ವಾ. ಬೆರಳುಗಳಷ್ಟೇ ಹೋಗುತ್ತಿದ್ದವೇನೋ, ಜಲ್ದಿ ಕರೆತರಬೇಕಿತ್ತು ಅಂತ ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದರು. ಅದನ್ನು ನಾನು ನಿಮ್ಮಿಬ್ಬರಿಗೂ ಕನ್ನಡದಲ್ಲಿ ಹೇಳಲಿಲ್ಲ. 'ಮೊಣಕಾಲಿನ ಕೆಳಗೆ ತೆಗೆಯಬೇಕಂತೆ' ಅಂತ ಅಷ್ಟೇ ಹೇಳಿದೆ.

ಮೇಡಂ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಎದ್ದು ಬಾಗಿಲು ಮುಚ್ಚಿದರು. ಆಮೇಲೆ, ಲ್ಯಾಬಿನ ಎಲೆ ಹೊರಗೆ ಹೋಗಿದ್ದು ಯಾರಿಗೆಲ್ಲ ಗೊತ್ತು ಅಂತ ಕೇಳಿದರು.

ನೀನು ಎಲೆ ಕೊಟ್ಟ ಐದು ಮನೆಗಳಿಗೆ ಹೋಗಿ ಹೇಳಬೇಕೆಂದು ಬಂದಿದ್ದೇನೆ. ಮೊದಲು ವಿರುಪಮ್ಮನ ಮನೆಗೇ ಹೋದೆ. ಅವಳೂ ಗುಳಿಗೆ ಬಿಟ್ಟಿದ್ದಾಳೆ. ಕಣ್ಣು ಮಂಜಾಗಿದೆ, ಬಾಗಿಲಿಗೆ ಬಂದವಳು ನಾನೇ ಅಂತ ಗುರುತು ಹಿಡಿಯಲು ಹೊತ್ತಾಯಿತು. ಆ ಎಲೆಯಲ್ಲಿ ಏನೂ ಇಲ್ಲ, ಬರೆದದ್ದು ನಾನು, ತಪ್ಪು ನನ್ನದು ಅಂತ ಹೇಳಿದೆ. ಅವಳು ಎಲೆಯ ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಿಮ್ಮವ್ವಗ ಕಾಲು ಹೋತಂತ ನನ್ನ ಔಷಧಿ ಕಸ್ಕೊಳ್ಳಾಕ ಬಂದೀ ಏನು? ಕೊಟ್ಟಾಕಿ ಚೆನ್ನಬಸಮ್ಮ. ಆಕಿ ಬ್ಯಾಡ ಅನ್ನಲಿ, ಬಿಡ್ತೀನಿ. ನಿನ್ನೆ ಮೊನ್ನೆ ಓದಿದಾಕಿ ನೀ ಯಾರು?"

ನಾಲ್ಕು ಸಲ ಹೋದೆ. ಉಳಿದ ಮನೆಯವರೂ ಅವಳು ಬಿಟ್ಟರೆ ಬಿಡುತ್ತೇವೆ ಅನ್ನುತ್ತಾರೆ. ಎದ್ದು ಕೂರಲು ಆಗುವುದಿಲ್ಲ ಅಂತ ಗೊತ್ತು, ಆದರೂ ಒಂದೆರಡು ಸಾಲು ಬರೆದುಕೊಡು. ಓದು ಬಿಟ್ಟುಬಿಡುತ್ತೇನೆ, ಅದನ್ನು ಬೇರೆ ಮಾತಾಡೋಣ.

ಗಾಯತ್ರಿ

ಬಳ್ಳಾರಿ
3 ಮಾರ್ಚ್ 2025

ಗಾಯತ್ರಿ,

ಕುಂತು ಬರೆಯಾಕ ಆಗವಲ್ದು, ಮಲಗಿ ಬರೀತೀನಿ. ದಿಂಬಿನ ಕೆಳಗ ಕಾಗದ ಇಟ್ಟದ್ದು ಓದಿದೆ. ಅದನ್ನ ಇನ್ನೊಬ್ಬರ ಮುಂದ ಹೇಳಬ್ಯಾಡ. ಭರಮಣ್ಣಗೂ ಬ್ಯಾಡ.

ಓದು ಬಿಡೋ ಮಾತು ಆಡಬ್ಯಾಡ. ನಾ ಇನ್ನ ಬೆಟ್ಟ ಹತ್ತಂಗಿಲ್ಲ, ಯಾರಿಗೂ ಎಲೆ ಕೊಡಂಗಿಲ್ಲ. ನನ್ನ ಹೆಸರು ಇನ್ನು ಯಾರಿಗೆ ಬೇಕು. ನಿಂದು ಇನ್ನ ಉಳೀಬೇಕು. ಕೆಳಗ ಬರೆದದ್ದನ್ನ ವಿರುಪಮ್ಮನ ಮುಂದ ಓದು, ಆಮ್ಯಾಲೆ ಉಳಿದ ಮನಿಯಾಗ. ಒಂದು ಅಕ್ಷರ ಬಿಡಬ್ಯಾಡ, ಒಂದು ಸೇರಿಸಬ್ಯಾಡ.

ವಿರುಪಮ್ಮ, ನಾನು ಚೆನ್ನಬಸಮ್ಮ ಹೇಳೋದು. ಆ ಎಲೆ ನಮ್ಮ ಗಾಯತ್ರಿ ಕಳಿಸಿದ್ದಲ್ಲ. ಬೆಟ್ಟದ ಹಾದಿ ಮುಚ್ಚಿದ್ರು, ನಾನೇ ಯಾವುದೋ ಬಳ್ಳಿ ಕೊಯ್ದು ತಂದು, ಮಗಳು ಕಂಡುಹಿಡಿದದ್ದು ಅಂತ ಸುಳ್ಳು ಹೇಳಿ ನಿಮಗೆಲ್ಲ ಕೊಟ್ಟೆ. ನನ್ನ ಕಾಲು ತೆಗೆದಾರ. ಎಲೆ ಒಲಿಗೆ ಹಾಕು. ಅಕ್ಕನಾಗಮ್ಮನ ಹತ್ರ ಹೋಗಿ ಗುಳಿಗಿ ತಗೋ, ಇವತ್ತೇ.

ಚೆನ್ನಬಸಮ್ಮ

ಸಂಡೂರು
8 ಮಾರ್ಚ್ 2025

ಅವ್ವಾ,

ಓದಿದೆ. ಬಾಗಿಲಲ್ಲಿ ನಿಂತು ಓದಲು ಶುರುಮಾಡಿದೆ, ಅವಳು ಒಳಗೆ ಬಾ ಅಂದಳು. ನಿನ್ನ ಅಕ್ಷರ ನೋಡಬೇಕು ಅಂತ ಕಾಗದ ಕಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು. ಓದು ಬರದಿದ್ದರೂ ಕೆಳಗಿನ ನಿನ್ನ ಸಹಿಯ ಮೇಲೆ ಬೆರಳಾಡಿಸಿ, ಆಕಿದೇ ಅಂದಳು. ಮತ್ತೆ ಮೊದಲಿನಿಂದ ಓದಿಸಿದಳು. ಎರಡನೇ ಸಲ ಓದುವಾಗ 'ಗಾಯತ್ರಿ ಕಳಿಸಿದ್ದಲ್ಲ' ಅನ್ನುವಲ್ಲಿ ನಿಂತೆ. ಅವಳು "ಮುಂದ" ಅಂದಳು. ಓದಿದೆ.

ಡಬ್ಬಿ ತಂದು ಅವಳೇ ಒಲೆಗೆ ಸುರಿದಳು. ಆಮೇಲೆ ನಿನ್ನ ಬಗ್ಗೆ ಅವಳಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಮೂವತ್ತು ವರ್ಷದ ನೆರೆಯವಳು ಆಡಬಾರದ್ದನ್ನು ಆಡಿದಳು. ನೀನು ಮನೆಗೆ ಬಂದ ಮೇಲೂ ಆಡುತ್ತಾಳೆ. ನಾನು ಅಲ್ಲೇ ಕೂತು ಎಲ್ಲ ಕೇಳಿದೆ. ನನ್ನ ತಲೆ ಸವರಿ, "ಪಾಪ, ನಿನ್ನ ಹೆಸರೂ ಕೆಡಿಸಿದ್ಲಲ್ಲ ಆಕಿ" ಅಂದಳು. ಆಗಲೂ ನಿಜ ಹೇಳಲಿಲ್ಲ.

ದವಾಖಾನೆಗೆ ಕರೆದುಕೊಂಡು ಹೋದೆ. ಅಕ್ಕನಾಗಮ್ಮ ಗುಳಿಗೆ ಕೊಟ್ಟರು, ನಾನು ನೀರು ಹಿಡಿದೆ, ನುಂಗಿದಳು.

ಇನ್ನೂ ನಾಲ್ಕು ಮನೆಗಳಿವೆ. ಕಾಗದ ಮಡಚಿ ಇಟ್ಟುಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಎರಡು ಕಡೆ ಓದುತ್ತೇನೆ, ಸಂಜೆ ಎರಡು ಕಡೆ.

ಗಾಯತ್ರಿ